5 ಅಡಿಯ ರೌಂಡ್ ಟೇಬಲ್‌ಗೆ ಎಷ್ಟು ಇಂಚಿನ ಬಟ್ಟೆ ತಗೊಳ್ಳಬೇಕು?

ತಂಗಿಯ ನಿಶ್ಚಿತಾರ್ಥ, ಹಾಲ್‌ನಲ್ಲಿ 5 ಅಡಿಯ 12 ರೌಂಡ್ ಟೇಬಲ್, ಬಫೆಗೆ 6 ಅಡಿಯ ಉದ್ದ ಟೇಬಲ್ ನಾಲ್ಕು. ಅಂಗಡಿಯವರು 90, 108, 120 ಅಂತ ಹೇಳ್ತಿದ್ದಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಶಿವಮೊಗ್ಗದಲ್ಲಿ ಶಾಮಿಯಾನದವರಿಗೆ ಟೇಬಲ್ ಬಟ್ಟೆ, ಕುರ್ಚಿ ಕವರ್, ಫ್ರಿಲ್ ಹೊಲಿದುಕೊಡುವುದು ಹದಿನೇಳು ವರ್ಷದಿಂದ ನನ್ನ ಕೆಲಸ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಳತೆ ಶುರುವಾಗಬೇಕಾದ್ದು ಟೇಬಲ್ ಮೇಲಿನಿಂದಲ್ಲ, ಬಟ್ಟೆ ಎಲ್ಲಿಗೆ ಬಂದು ನಿಲ್ಲಬೇಕು ಅನ್ನುವುದರಿಂದ. ಟೇಬಲ್‌ನ ಎತ್ತರ ಸಾಮಾನ್ಯವಾಗಿ 30 ಇಂಚು. ನಿಮ್ಮ ರೌಂಡ್ ಟೇಬಲ್ ಅಡ್ಡಕ್ಕೆ 60 ಇಂಚು. ಎರಡೂ ಕಡೆ ನೆಲದವರೆಗೆ ಇಳಿಯಬೇಕಾದರೆ 60ಕ್ಕೆ ಎರಡು ಸಲ 30 ಸೇರಿಸಿ, 120 ಆಯಿತು. 90 ತಗೊಂಡರೆ ಸುತ್ತಲೂ 15 ಇಂಚು ಇಳಿಯುತ್ತದೆ, 108 ತಗೊಂಡರೆ 24. ಲೆಕ್ಕ ಇಷ್ಟೇ. ಯಾವ ಟೇಬಲ್‌ಗೂ ಇದೇ ನಡೆಯುತ್ತದೆ.

ಈಗ ಎಲ್ಲಿಗೆ ನಿಲ್ಲಿಸಬೇಕು ಅನ್ನುವ ಮಾತು. ಆ ಟೇಬಲ್‌ನಲ್ಲಿ ಕೂತು ಊಟ ಮಾಡ್ತಾರಾ, ಇಲ್ಲ ಮಾತಾಡ್ತಾ ಜ್ಯೂಸ್ ಕುಡಿದು ಏಳ್ತಾರಾ? ಕುರ್ಚಿಯ ಕೂರುವ ಹಲಗೆ ನೆಲದಿಂದ 17–18 ಇಂಚು ಇರುತ್ತದೆ. ಅಂದರೆ ಟೇಬಲ್ ಅಂಚಿನಿಂದ 12–13 ಇಂಚು ಕೆಳಗೆ. ಅದಕ್ಕಿಂತ ತುಂಬಾ ಉದ್ದ ಇಳಿದ ಬಟ್ಟೆ ಕೂತವರ ತೊಡೆ ಮೇಲೆ ಗುಡ್ಡೆಯಾಗುತ್ತದೆ. ರೇಷ್ಮೆ ಸೀರೆ ಉಟ್ಟವರಿಗೆ ಇದು ನಿಜವಾಗಿಯೂ ಕಷ್ಟ. ಸೆರಗು, ನೆರಿಗೆ, ಟೇಬಲ್ ಬಟ್ಟೆ ಎಲ್ಲ ಒಂದಾಗಿ, ಏಳುವಾಗ ಯಾವುದು ಯಾವುದರ ಜೊತೆ ಬರುತ್ತದೆ ಗೊತ್ತಾಗುವುದಿಲ್ಲ. ಒಂದು ಗೃಹಪ್ರವೇಶದಲ್ಲಿ ನಾನೇ ಹೊಲಿದ ಬಟ್ಟೆ ನೆಲಕ್ಕೆ ಎರಡು ಇಂಚು ಹೆಚ್ಚಾಗಿತ್ತು. ಸಾರಿನ ಬಕೆಟ್ ಹಿಡಿದು ಬರುತ್ತಿದ್ದ ಹುಡುಗ ಆ ಅಂಚಿನ ಮೇಲೆ ಕಾಲಿಟ್ಟ. ಬಟ್ಟೆ ಜಾರಿತು, ಮೇಲಿದ್ದ ನಾಲ್ಕು ಲೋಟ ಬಿದ್ದವು, ಬಿಸಿ ಸಾರು ಅವನ ಪಾದದ ಮೇಲೆ ಚೆಲ್ಲಿತು. ಆ ಎರಡು ಇಂಚನ್ನು ನಾನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಪೂರ್ತಿ ಇಳಿಯುವ ಬಟ್ಟೆಯನ್ನೂ ನೆಲಕ್ಕಿಂತ ಒಂದು ಇಂಚು ಮೇಲೆಯೇ ನಿಲ್ಲಿಸುತ್ತೇನೆ. ನೋಡುವವರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾಗಿ ಕೂತು ಊಟ ಮಾಡುವುದಾದರೆ ನನ್ನ ಉತ್ತರ 90. ಟೇಬಲ್‌ನ ಕಬ್ಬಿಣದ ಕಾಲುಗಳು ತುಕ್ಕು ಹಿಡಿದು ಕೆಟ್ಟದಾಗಿ ಕಾಣುತ್ತಿದ್ದರೆ, ಫೋಟೋಗೆ ಚೆನ್ನಾಗಿ ಬರಬೇಕು ಅಂತಿದ್ದರೆ ಮಾತ್ರ 120ರ ಕಡೆ ಹೋಗಿ. 108 ನನಗೆ ಇಷ್ಟವಿಲ್ಲ. ತೊಡೆಗೂ ಅಡ್ಡ, ಕಾಲನ್ನೂ ಪೂರ್ತಿ ಮುಚ್ಚುವುದಿಲ್ಲ. 4 ಅಡಿಯ ಟೇಬಲ್‌ಗೆ ಅದೇ 108 ಸರಿಯಾಗಿ ನೆಲ ಮುಟ್ಟುತ್ತದೆ, ಅದಕ್ಕೆ ಬೇಕಾದರೆ ಇರಲಿ.

ಮನೆಯಲ್ಲಿರುವ ಚೌಕ ಬಟ್ಟೆ ಹಾಕಬಹುದಾ ಅಂತಲೂ ಬರೆದಿದ್ದೀರಿ. ಹಾಕಬಹುದು, ಆದರೆ ಮೂಲೆ ನೋಡಿಕೊಳ್ಳಿ. 90 ಇಂಚಿನ ಚೌಕ ಬಟ್ಟೆ ಈ ಟೇಬಲ್ ಮೇಲೆ ಬದಿಗಳಲ್ಲಿ 15 ಇಂಚು ಇಳಿದರೂ ನಾಲ್ಕು ಮೂಲೆಗಳಲ್ಲಿ 33 ಇಂಚಿಗೂ ಹೆಚ್ಚು ಇಳಿದು ನೆಲದ ಮೇಲೆ ಎಳೆದಾಡುತ್ತದೆ. 84 ಇಂಚಿನ ಚೌಕವಾದರೆ ಮೂಲೆ ನೆಲಕ್ಕೆ ಅರ್ಧ ಇಂಚಿನಷ್ಟು ಮೇಲೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದು ಬೇಡ.

ಹೊಲಿಸುವುದಾದರೆ ಪನ್ನದ, ಅಂದರೆ ಥಾನಿನ ಬಟ್ಟೆಯ ಅಗಲದ ವಿಷಯ ಮೊದಲೇ ತಿಳಿದಿರಲಿ, ದುಡ್ಡು ಉಳಿಯುವುದು ಅಲ್ಲೇ. ದೊಡ್ಡ ಪನ್ನ ಅಂದರೂ ಸಾಮಾನ್ಯವಾಗಿ ಸಿಗುವುದು 58 ಇಂಚು. ಎರಡು ತುಂಡು ಜೋಡಿಸಿದರೂ 120 ಆಗುವುದಿಲ್ಲ, ಮೂರು ತುಂಡು ಬೇಕು, ಒಂದು ಟೇಬಲ್‌ಗೆ ಸುಮಾರು ಎಂಟೂವರೆ ಮೀಟರ್ ಹಿಡಿಯುತ್ತದೆ. ನಾನು ಹೀಗೆ ಮಾಡುತ್ತೇನೆ: ಒಂದು ಪೂರ್ತಿ ಪನ್ನ ನಡುವಿಗೆ, ಇನ್ನೊಂದನ್ನು ಉದ್ದಕ್ಕೆ ಸೀಳಿ ಎರಡು ಬದಿಗೆ. ಹೊಲಿಗೆ, ಅಂಚು ಎಲ್ಲ ಕಳೆದು 113 ಇಂಚು ಸಿಗುತ್ತದೆ. ನೆಲಕ್ಕೆ ಮೂರೂವರೆ ಇಂಚು ಮೇಲೆ ನಿಲ್ಲುತ್ತದೆ, ಬಟ್ಟೆ ಸುಮಾರು ಐದೂವರೆ ಮೀಟರ್ ಸಾಕು. 12 ಟೇಬಲ್‌ಗೆ 36 ಮೀಟರ್ ಉಳಿಯಿತು ನೋಡಿ! ಎರಡು ಪನ್ನ ಸುಮ್ಮನೆ ಜೋಡಿಸಿ ಹೊಲಿಗೆಯನ್ನು ಟೇಬಲ್ ನಡುವೆ ತರುವ ದರ್ಜಿಗೆ ಕೊಡಬೇಡಿ. ಅದು ಎದ್ದು ಕಾಣುತ್ತದೆ, ಲೋಟವೂ ಅದರ ಮೇಲೆ ನೆಟ್ಟಗೆ ಕೂರುವುದಿಲ್ಲ.

ದುಂಡಗೆ ಕತ್ತರಿಸಲು ಜೋಡಿಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಹಾಸುತ್ತೇನೆ. ಮಡಿಕೆಯ ಮೂಲೆಯಲ್ಲಿ ದಾರದ ಒಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಚಾಕ್ ಕಟ್ಟಿ ಕಮಾನಿನ ಹಾಗೆ ಎಳೆದರೆ ಆಯಿತು. ಅಂಚನ್ನು ಕಾಲು ಇಂಚಿಗಿಂತ ಅಗಲ ಮಡಿಚಿದರೆ ದುಂಡನೆಯ ಕಡೆ ಸುಕ್ಕು ಬರುತ್ತದೆ. ಕಾಟನ್ ಆದರೆ ಕತ್ತರಿಸುವ ಮುಂಚೆಯೇ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅಳತೆಯೆಲ್ಲ ತಪ್ಪುತ್ತದೆ.

ಬಫೆ ಟೇಬಲ್‌ಗೆ ಬರೋಣ. 6 ಅಡಿ ಉದ್ದ, ಎರಡೂವರೆ ಅಡಿ ಅಗಲದ್ದಾದರೆ ನೆಲದವರೆಗಿನ ಬಟ್ಟೆ 132ಕ್ಕೆ 90. ಆದರೆ ಮೂಲೆಗಳಲ್ಲಿ 12 ಇಂಚಿನಷ್ಟು ನೆಲದ ಮೇಲೆ ಬೀಳುತ್ತದೆ, ಜನ ತಟ್ಟೆ ಹಿಡಿದು ಸುತ್ತುವುದೂ ಅದೇ ಜಾಗದಲ್ಲಿ. ಅಲ್ಲಿ ದೊಡ್ಡ ಬಟ್ಟೆ ಬೇಡ, ಫ್ರಿಲ್ ಹಾಕಿಸಿ. ನಾಲ್ಕೂ ಟೇಬಲ್ ಒಂದೇ ಸಾಲಿನಲ್ಲಿ ಇಟ್ಟರೆ ಮುಂದೆ 24 ಅಡಿ, ಎರಡು ಬದಿ ಸೇರಿ 5, ಒಟ್ಟು 29 ಅಡಿ ಫ್ರಿಲ್. ಹಿಂದೆ ಬಡಿಸುವವರು ನಿಲ್ಲುತ್ತಾರೆ, ಟೇಬಲ್ ಕೆಳಗೆ ಎಲೆ, ಲೋಟ, ಇನ್ನೊಂದು ಪಾತ್ರೆ ಅನ್ನ ಇಟ್ಟುಕೊಂಡಿರುತ್ತಾರೆ, ಆ ಕಡೆ ತೆರೆದೇ ಇರಲಿ. ಮೇಲೆ ಬೇರೆಯಾಗಿ 84ಕ್ಕೆ 42ರ ಸಣ್ಣ ಬಟ್ಟೆ ಹಾಸಿ. ಸಾಂಬಾರು ಚೆಲ್ಲಿದರೆ ಅದೊಂದನ್ನೇ ಬದಲಿಸಬಹುದು.

ಬಟ್ಟೆ ಆರ್ಡರ್ ಮಾಡುವ ಮುಂಚೆ ಒಂದು ಟೇಪು ಹಿಡಿದು ಹಾಲ್‌ಗೆ ಹೋಗಿ ಬನ್ನಿ. ಐದು ಅಡಿ ಅಂತ ಹೇಳಿದ್ದು ನಾಲ್ಕೂವರೆ ಇದ್ದದ್ದನ್ನು, 30 ಇಂಚಿನ ಟೇಬಲ್ 28 ಇದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದನ್ನಲ್ಲ, ಮೂರು ನಾಲ್ಕು ಅಳೆಯಿರಿ. 12 ಟೇಬಲ್‌ಗೆ 14 ಬಟ್ಟೆ ಇಟ್ಟುಕೊಳ್ಳಿ. ಅರಿಶಿನದ ಕಲೆಯಾದರೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ, ಹೆದರಬೇಡಿ. ಒಗೆದು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹರವಿದರೆ ಹೋಗುತ್ತದೆ.