ಕೋಟ್ ಬಿಟ್ಟಿದ್ದೀರಿ, ಅಷ್ಟೇ

ಗಂಗಾವತಿಯ ಅಕ್ಕಿ ಅಂಗಡಿಗೆ, ವೆಬ್‌ಸೈಟ್ ಕಟ್ಟುವ ಸಾಧನವಾದ ಜ್ಯಾಂಗೊದಲ್ಲಿ ದರಪಟ್ಟಿ ಮಾಡುತ್ತಿದ್ದೀರಿ. ತಳಿ ಸೋನಾ ಆಗಿದ್ದರೆ ಮಾತ್ರ ತೋರಿಸು ಅಂತ ಟೆಂಪ್ಲೇಟಿನ (ಪುಟದ ಅಚ್ಚಿನ) ಷರತ್ತು ಹಾಕುವ ಇಫ್‌ನಲ್ಲಿ ಬರೆದರೂ ಒಂದು ಸಾಲೂ ಬರುತ್ತಿಲ್ಲ, ಎರರ್ ಕೂಡ ಇಲ್ಲ. ಇದೇ ಅಲ್ವಾ ನಿಮ್ಮ ಪ್ರಶ್ನೆ?

ಸೋನಾ ಪದಕ್ಕೆ ಕೋಟ್ (ಉದ್ಧರಣ ಚಿಹ್ನೆ) ಹಾಕಿಲ್ಲ ನೀವು. ಹಾಗಾಗಿ ಜ್ಯಾಂಗೊ ಅದನ್ನು ವೇರಿಯಬಲ್ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಅಂದುಕೊಳ್ಳುತ್ತದೆ. ಆ ಹೆಸರಿನದು ಎಲ್ಲೂ ಇಲ್ಲ. ಇಫ್ ಒಳಗೆ ಸಿಗದ ವೇರಿಯಬಲ್‌ಗೆ 'ನನ್' (None) ಎಂಬ ಖಾಲಿ ಮೌಲ್ಯ ಕೊಟ್ಟು ಮುಂದೆ ಹೋಗುತ್ತದೆ. ಹೋಲಿಕೆ ಸುಳ್ಳಾಯಿತು, ಪಟ್ಟಿ ಸುಮ್ನೆ ಮಾಯ. ಸಿಂಗಲ್ ಕೋಟ್ ಆದರೂ ಸರಿ, ಡಬಲ್ ಆದರೂ ಸರಿ, ಹಾಕಿ ನೋಡಿ. ಇದೇ ತಪ್ಪನ್ನು, ಮೌಲ್ಯ ಖಾಲಿಯಿದ್ದರೆ ಬದಲಿ ತೋರಿಸುವ ಡಿಫಾಲ್ಟ್ ಫಿಲ್ಟರಿನಲ್ಲಿ ಮಾಡಿದ್ದರೆ ಎರರ್ ಬಂದು ಅಲ್ಲೇ ಗೊತ್ತಾಗುತ್ತಿತ್ತು. ಇಫ್ ಬಾಯಿ ಬಿಡುವುದಿಲ್ಲ, ನಾನೂ ಒಂದು ಸಂಜೆ ಕಳೆದಿದ್ದೇನೆ ಇದರಲ್ಲಿ.

ಚೀಲದ ತೂಕಕ್ಕೆ ಮಾತ್ರ ಉಲ್ಟಾ. ಡೇಟಾದ ವಿನ್ಯಾಸ ಬರೆದಿರುವ ಮಾಡೆಲ್‌ನಲ್ಲಿ ಅದು ಇಂಟಿಜರ್ (ಪೂರ್ಣ ಸಂಖ್ಯೆ) ಆಗಿದ್ದರೆ 25ಕ್ಕೆ ಕೋಟ್ ಬೇಡ. ಹಾಕಿದರೆ ಅದು ಬರೀ ಅಕ್ಷರ, ಸಂಖ್ಯೆಗೆ ಸಮ ಆಗಲ್ಲ.

ಇನ್ನೊಂದು. ಟೆಂಪ್ಲೇಟಿನಲ್ಲೇ ಕೋಟ್ ಹಾಕಿ ಬರೆದ ಪದಗಳಿಗೆ ಆಟೋ ಎಸ್ಕೇಪ್ (ಎಚ್‌ಟಿಎಂಎಲ್ ಚಿಹ್ನೆಗಳನ್ನು ತಾನಾಗಿಯೇ ಸುರಕ್ಷಿತ ರೂಪಕ್ಕೆ ಬದಲಿಸುವುದು) ಇಲ್ಲ. ಅದರಲ್ಲಿ < ಚಿಹ್ನೆ ಬೇಕಾದರೆ &lt; ಅಂತ ನೀವೇ ಬರೆಯಬೇಕು.