ಭೇಟಿಯ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರಲಿಲ್ಲ

ಪ್ರಶ್ನೆ: ನನಗೆ 48 ವರ್ಷ. ನಮ್ಮ ಚರ್ಚಿನ ಸಭೆಯ ಭೇಟಿ ಸೇವೆಯ ಜವಾಬ್ದಾರಿ ಬಹಳ ವರ್ಷಗಳಿಂದ ನನ್ನದೇ. ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಸಾವಾಗಿದೆ, ಯಾರು ಆರಾಧನೆಗೆ ಬರುವುದು ಬಿಟ್ಟಿದ್ದಾರೆ ಎಂದು ತಿಳಿದುಕೊಂಡು, ಯಾರು ಯಾವ ಮನೆಗೆ ಹೋಗಬೇಕು ಎಂಬ ಪಟ್ಟಿಯನ್ನು ಪ್ರತಿ ಶನಿವಾರ ನಾನೇ ಬರೆಯುತ್ತೇನೆ. ವಾರದ ಮನೆಕೂಟವೂ, ಅಂದರೆ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟವೂ, ನಮ್ಮ ಮನೆಯಲ್ಲೇ. ಈ ವರ್ಷ ನನಗೆ ಆಪರೇಷನ್ ಆಗಿ ಮೂರು ವಾರ ಹಾಸಿಗೆ ಹಿಡಿದೆ. ಸಭೆಯವರು ಒಬ್ಬರೂ ಬರಲಿಲ್ಲ. ಪಾಸ್ಟರ್ ಒಂದು ಮೆಸೇಜ್ ಕಳಿಸಿದರು, ಅಷ್ಟೇ. ಈಗ ಯಾರಿಗಾಗಿ ಪ್ರಾರ್ಥಿಸಿದರೂ ಬಾಯಿ ಮಾತ್ರ ಆಡುತ್ತದೆ. ಒಬ್ಬ ವಯಸ್ಸಾದ ವಿಧವೆ ದಿನಾ ರಾತ್ರಿ ಫೋನ್ ಮಾಡುತ್ತಾರೆ, ಅವರ ಹೆಸರು ಕಂಡರೇ ಸಿಟ್ಟು ಬರುತ್ತದೆ. ಸಭೆಯ ಇನ್ನೊಬ್ಬಳು ತಂಗಿ, ಗಂಡ ಹೊಡೆಯುತ್ತಾನೆ ಎಂದು ಅತ್ತು, ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದಾಳೆ. ಅವನು ಸಭೆಯಲ್ಲಿ ಎಲ್ಲರಿಗೂ ಬೇಕಾದವನು. ದಣಿದಿದ್ದೇನೆ ಎಂದರೆ ಒಬ್ಬ ಹಿರಿಯರು "ದೇವರ ಸೇವೆಯಲ್ಲಿ ಗೊಣಗಬಾರದು" ಎಂದರು. ಮನೆಯವರು ಎಲ್ಲ ಬಿಟ್ಟುಬಿಡು ಎನ್ನುತ್ತಾರೆ. ಬಿಡಲೇ?

ಪ್ರಿಯ ಸಹೋದರಿ,

ಬಿಡಬೇಕೋ ಬೇಡವೋ ಎನ್ನುವ ಮುಂಚೆ ಆ ತಂಗಿಯ ವಿಷಯ ಮಾತಾಡೋಣ. ಉಳಿದದ್ದು ಎರಡು ವಾರ ತಡವಾದರೂ ನಡೆಯುತ್ತದೆ, ಇದು ಹಾಗಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ನೀವು ಮಾತು ಕೊಟ್ಟದ್ದು ಪ್ರೀತಿಯಿಂದಲೇ. ಆದರೆ ಹೊಡೆತ ತಿನ್ನುತ್ತಿರುವವಳ ಗುಟ್ಟನ್ನು ನೀವೊಬ್ಬರೇ ಇಟ್ಟುಕೊಂಡರೆ ಅವಳಿಗೆ ರಕ್ಷಣೆ ಇಲ್ಲ, ನಿಮಗೆ ನಿದ್ದೆ ಇಲ್ಲ. ಈ ವಾರವೇ ಅವಳನ್ನು ಒಬ್ಬಳನ್ನೇ ಕಾಣಿ. ವಿಷಯವನ್ನು ಮೆಸೇಜಿನಲ್ಲಿ ಬರೆಯಬೇಡಿ, ಆ ಫೋನನ್ನು ಅವನೂ ನೋಡುತ್ತಿರಬಹುದು. ಸುತ್ತಿ ಬಳಸದೆ ಕೇಳಿ: ಇವತ್ತು ರಾತ್ರಿ ಮನೆಯಲ್ಲಿರಲು ನಿನಗೆ ಭಯವಿದೆಯಾ? ಕುತ್ತಿಗೆ ಹಿಸುಕಿದ್ದಾನಾ? ಕೊಲ್ಲುತ್ತೇನೆ ಎಂದಿದ್ದಾನಾ? ಮಕ್ಕಳ ಮೇಲೂ ಕೈ ಮಾಡುತ್ತಾನಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ, "ಇದನ್ನು ನಾನು ಮುಚ್ಚಿಡಲಾರೆ, ಪೊಲೀಸರ ಅಥವಾ ಮಹಿಳಾ ಸಹಾಯವಾಣಿಯ ನೆರವು ಪಡೆಯೋಣ, ನಾನು ನಿನ್ನ ಜೊತೆ ಇರುತ್ತೇನೆ" ಎಂದು ಮೊದಲು ಅವಳಿಗೇ ಹೇಳಿ. ಅವಳಿಗೆ ತಿಳಿಸದೆ ಏನನ್ನೂ ಮಾಡಬೇಡಿ. ಅಂಥ ಅಪಾಯ ಇಲ್ಲದಿದ್ದರೆ ಮುಂದಿನ ಹೆಜ್ಜೆ ಅವಳ ತೀರ್ಮಾನಕ್ಕೆ ಬಿಟ್ಟದ್ದು. ಆಗಲೂ ಇಂಥ ಪ್ರಕರಣಗಳನ್ನು ಬಲ್ಲ ಒಬ್ಬ ಆಪ್ತ ಸಮಾಲೋಚಕಿಯ ಹತ್ತಿರ ಅವಳು ಹೋಗುವಂತೆ ಒಪ್ಪಿಸಲು ನೋಡಿ.

ಇನ್ನೊಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಸಭೆಗೆ ಇದು ಗೊತ್ತಾದಾಗ, ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಪ್ರಾರ್ಥಿಸಿ, ಕ್ಷಮಿಸಿಬಿಡು ಎಂದು ಹೇಳಿ ಕಳಿಸುವ ಆತುರ ಕೆಲವರಿಗೆ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಗಂಡನ ಮುಂದೆ ಅವಳು ನಿಜ ಹೇಳಲಾರಳು. ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೂ ಸೇರಿಸಿ ಪೆಟ್ಟು ತಿನ್ನುತ್ತಾಳೆ. ಅವನು ಎಲ್ಲರಿಗೂ ಬೇಕಾದವನಾಗಿದ್ದರೆ ಅವಳ ಮಾತನ್ನು ನಂಬುವ ಜನ ಇನ್ನೂ ಕಡಿಮೆ. ಅದಕ್ಕೇ ನೀವು ನಂಬುವುದು ಇಷ್ಟು ಮುಖ್ಯ.

ಮುಂದೆ ಯಾರೇ ಬಂದು ಯಾರಿಗೂ ಹೇಳಬೇಡಿ ಎಂದರೂ, ಜೀವಕ್ಕೆ ಅಪಾಯವಿದ್ದರೆ, ಮಕ್ಕಳಿಗೆ ತೊಂದರೆಯಾಗುತ್ತಿದ್ದರೆ ಮಾತ್ರ ಹೇಳಬೇಕಾಗುತ್ತದೆ, ಬೇರೇನನ್ನೂ ಹೇಳುವುದಿಲ್ಲ ಎಂದು ಮಾತಿನ ಆರಂಭದಲ್ಲೇ ತಿಳಿಸಿಬಿಡಿ. ಭೇಟಿಗೆ ಹೋಗುವ ಎಲ್ಲರಿಗೂ ಇದನ್ನು ಕಲಿಸಬೇಕು.

ಈಗ ನಿಮ್ಮ ವಿಷಯ. ಒಬ್ಬರೂ ಬರಲಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ತುಂಬ ನೋವಾಯಿತು. ಅಷ್ಟೊಂದು ಮನೆಗಳ ಬಾಗಿಲು ತಟ್ಟಿದವರು ನೀವು. ಮೂರು ವಾರ ನಿಮ್ಮ ಬಾಗಿಲನ್ನು ಯಾರೂ ತಟ್ಟದಿದ್ದರೆ ಮನಸ್ಸು ಮುರಿಯದೆ ಇನ್ನೇನಾಗುತ್ತದೆ? ಸುಮ್ನೆ ಸಮಾಧಾನ ಮಾಡಿಕೊಳ್ಳಿ ಎಂದು ಹೇಳುವವರ ಮಾತು ಕೇಳಬೇಡಿ.

ಆದರೆ ಜನರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಎಂದು ತೀರ್ಮಾನಿಸುವ ಮೊದಲು ಒಂದು ಯೋಚಿಸಿ. ನಿಮ್ಮ ಸಭೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಎಲ್ಲರಿಗೂ ಯಾರು ಹೇಳುತ್ತಾರೆ? ನೀವು. ಯಾರು ಯಾರ ಮನೆಗೆ ಹೋಗಬೇಕು ಎಂದು? ಅದೂ ನೀವೇ. ಆ ಮೂರು ಶನಿವಾರ ಪಟ್ಟಿಯೇ ಇರಲಿಲ್ಲ. ಪಟ್ಟಿ ಬರೆಯುವವರು ಹಾಸಿಗೆಯಲ್ಲಿದ್ದಾರೆ, ಇವತ್ತು ಅದನ್ನು ನಾನು ಬರೆಯುತ್ತೇನೆ, ಮೊದಲ ಹೆಸರು ಅವರದೇ ಎಂದು ಹೇಳಲು ಇನ್ನೊಬ್ಬರು ಇರಲಿಲ್ಲ. ಆ ಮೂರು ವಾರ ಬೇರೆ ರೋಗಿಗಳ ಮನೆಗೂ ಯಾರೂ ಹೋಗಿರಲಾರರು ಎಂಬುದು ನನ್ನ ಊಹೆ. ವಿಚಾರಿಸಿ ನೋಡಿ. ಅದು ನಿಜವಾಗಿದ್ದರೆ ಕೊರತೆ ಪ್ರೀತಿಯದ್ದಲ್ಲ, ಏರ್ಪಾಡಿನದ್ದು. ಇಡೀ ಸಭೆಯ ಕಾಳಜಿ ನಿಮ್ಮೊಬ್ಬರ ಕೈಯಿಂದ ಮಾತ್ರ ಹಾದುಹೋಗುತ್ತಿದೆ.

ಪಾಸ್ಟರ್ ವಿಷಯದಲ್ಲಿ ಈ ಮಾತು ಹೇಳಲಾರೆ. ಅವರಿಗೆ ಗೊತ್ತಿತ್ತು, ಅವರು ಬರಬೇಕಿತ್ತು. ಅವರಿಗೆ ಇದನ್ನು ನೀವು ಹೇಳಲೇಬೇಕು.

ಹಿರಿಯರ ಮಾತಿಗೂ ಉತ್ತರವಿದೆ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆಯಿರಿ. ಮೊದಲ ಸಭೆಯಲ್ಲೇ ಗೊಣಗಾಟ ಎದ್ದಿತ್ತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆ ಸರಿಯಾಗಿ ಸಿಗುತ್ತಿಲ್ಲ ಎಂಬುದು ದೂರು. ಅಪೊಸ್ತಲರು ಯಾರನ್ನೂ ಗದರಿಸಲಿಲ್ಲ. ಶಿಷ್ಯರೆಲ್ಲರನ್ನೂ ಕರೆಸಿ, ಏಳು ಜನರನ್ನು ಆರಿಸಿಕೊಳ್ಳಿ ಎಂದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ನೊಂದ ಕಡೆಯವರ ಕೈಗೇ ಕೆಲಸ ಕೊಟ್ಟಂತೆ ಕಾಣುತ್ತದೆ. ಗೊಣಗಾಟವನ್ನು ಕೇಳಿಸಿಕೊಂಡದ್ದರಿಂದಲೇ ಸಭೆಯಲ್ಲಿ ಒಂದು ಹೊಸ ಸೇವೆ ಹುಟ್ಟಿತು, ಅಲ್ವಾ? ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುವುದನ್ನು ಅವನ ಮಾವ ನೋಡುತ್ತಾನೆ. ಇದು ಸರಿಯಲ್ಲ, ನೀನೂ ಬಳಲುತ್ತೀಯ, ಈ ಜನರೂ ಬಳಲುತ್ತಾರೆ ಎಂಬುದು ಅವನ ಎಚ್ಚರಿಕೆ. ಜನರೂ ಎಂಬುದನ್ನು ಗಮನಿಸಿ. ನೀವು ಒಬ್ಬರೇ ಎಲ್ಲ ಮಾಡುವುದರಿಂದ ಆ ವಿಧವೆಗೂ ಒಳ್ಳೆಯದಾಗುತ್ತಿಲ್ಲ. ಫೋನ್ ಎತ್ತುವಾಗಿನ ನಿಮ್ಮ ಸಿಟ್ಟು ಅವರಿಗೂ ಕೇಳಿಸುತ್ತಿರಬಹುದು.

ಸಿಟ್ಟು ಬಂದದ್ದಕ್ಕೆ ನಾಚಿಕೊಳ್ಳಬೇಡಿ. ನಿಮಗೆ ಆಗಿರುವುದನ್ನು ಬರ್ನ್‌ಔಟ್ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಇದರ ಬಗ್ಗೆ ಬರೆದದ್ದು ದೊಡ್ಡ ಕಂಪನಿಗಳ ನೌಕರರನ್ನು ನೋಡಿ ಅಲ್ಲ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದ ಸ್ವಯಂಸೇವಕರನ್ನು ನೋಡಿ. ಯಾರ ಸೇವೆಗೆ ಬಂದಿದ್ದರೋ ಅವರ ಮೇಲೆಯೇ ಬೇಸರ, ಸಣ್ಣದಕ್ಕೂ ರೇಗುವುದು, ಒಳಗೆಲ್ಲ ಬರಿದಾದ ಭಾವ. ಕಾಳಜಿ ಜಾಸ್ತಿ ಇದ್ದವರಿಗೇ ಇದು ಬೇಗ ಬರುತ್ತದೆ.

ಆ ವಿಧವೆಗೆ ಬೇಕಾಗಿರುವುದು ರಾತ್ರಿ ಹೊತ್ತು ಒಂದು ದನಿ. ಅದು ನಿಮ್ಮದೇ ಆಗಬೇಕಿಲ್ಲ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಸಾಯುವ ಯೋಚನೆಯಲ್ಲಿದ್ದವರು ತನಗೆ ಫೋನ್ ಮಾಡಲಿ, ಚರ್ಚಿಗೆ ಬರಲಿ ಎಂದು ಒಂದು ಸೇವೆ ಶುರು ಮಾಡಿದರು. ಬಂದವರು ಕಾಯುವಾಗ ಕೆಲವು ಸಾಮಾನ್ಯ ಸ್ವಯಂಸೇವಕರು ಪಕ್ಕದಲ್ಲಿ ಕೂತು ಮಾತು ಕೇಳುತ್ತಿದ್ದರು. ಎಷ್ಟೋ ಜನರಿಗೆ ಅಷ್ಟರಲ್ಲೇ ಮನಸ್ಸು ಹಗುರವಾಗುತ್ತಿತ್ತು, ಪಾದ್ರಿಯನ್ನು ಕಾಣಲೇಬೇಕು ಅನಿಸುತ್ತಿರಲಿಲ್ಲ. ಇದನ್ನು ಕಂಡ ಅವರು ಮರುವರ್ಷವೇ ಕೇಳುವ ಕೆಲಸವನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹಾಗೆ.

ನಿಮ್ಮ ಸಭೆಯಲ್ಲೂ ಹಾಗೆ ಕೇಳಬಲ್ಲ ಇಬ್ಬರು ಮೂವರು ಇದ್ದೇ ಇರುತ್ತಾರೆ. ನಾಳೆ ನೀವೇ ವಿಧವೆಯ ಮನೆಗೆ ಅವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. "ಇನ್ನು ವಾರದಲ್ಲಿ ಒಂದು ದಿನ ನಾನು ಫೋನ್ ಮಾಡುತ್ತೇನೆ, ಉಳಿದ ದಿನ ಇವರು ಮಾಡುತ್ತಾರೆ" ಎಂದು ದಿನ, ಹೊತ್ತು ಎರಡನ್ನೂ ಹೇಳಿ. ಅವರು ಬೇಸರ ಮಾಡಿಕೊಂಡಾರು. ಮಾಡಿಕೊಳ್ಳಲಿ. ಇಂಥ ಹೊತ್ತಿಗೆ ಫೋನ್ ಬರುತ್ತದೆ ಎಂಬ ಭರವಸೆ ಇದ್ದರೆ ಆತಂಕ ಎಷ್ಟೋ ತಗ್ಗುತ್ತದೆ.

ಕೇಳುವವರ ಮಾತನ್ನು ಕೇಳಲೂ ಯಾರಾದರೂ ಬೇಕು. ಅಮೆರಿಕದಲ್ಲಿ 1975ರಲ್ಲಿ ಶುರುವಾದ, ಸಭೆಯ ಸಾಮಾನ್ಯ ಸದಸ್ಯರೇ ಕಷ್ಟದಲ್ಲಿರುವವರ ಆರೈಕೆ ಮಾಡುವ ಸ್ಟೀಫನ್ ಮಿನಿಸ್ಟ್ರಿ ಎಂಬ ಏರ್ಪಾಡು ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಅಲ್ಲಿ ಆರೈಕೆಗೆ ಇಳಿಯುವ ಮುಂಚೆ ಸುಮಾರು 50 ಗಂಟೆಗಳ ತರಬೇತಿ. ಆಮೇಲೆ ಒಬ್ಬರು ಒಬ್ಬರನ್ನೇ ವಾರಕ್ಕೊಮ್ಮೆ ಕಾಣುವುದು. ತಿಂಗಳಿಗೆ ಎರಡು ಸಲ ಆರೈಕೆ ಮಾಡುವವರೆಲ್ಲ ಒಟ್ಟಿಗೆ ಕೂರುತ್ತಾರೆ. ಹೆಸರು, ಗುಟ್ಟು ಹೊರಗೆ ಹಾಕದೆ, ತಮಗೆ ಏನು ಭಾರವಾಗುತ್ತಿದೆ ಎಂದು ಹೇಳಿಕೊಳ್ಳುತ್ತಾರೆ. ನಿಮ್ಮ ಸಭೆಗೆ ಅಷ್ಟೆಲ್ಲ ಆಗದಿರಬಹುದು. ತಿಂಗಳಿಗೆ ಒಂದು ಸಂಜೆಯಂತೂ ಆಗುತ್ತದೆ.

ಹಾಗಾದರೆ ಬಿಡಬೇಕೇ? ಈಗ ಬೇಡ. ಹೀಗೇ ಮುಂದುವರಿಯುವುದೂ ಬೇಡ. ಪಾಸ್ಟರ್ ಹತ್ತಿರ ಸಮಯ ಕೇಳಿ, ಆರಾಧನೆ ಮುಗಿದ ಮೇಲಿನ ಗದ್ದಲದಲ್ಲಿ ಬೇಡ. ನಿಮ್ಮವರನ್ನೂ ಕರೆದುಕೊಂಡು ಹೋಗಿ. "ನಾನು ಹುಷಾರಿಲ್ಲದೆ ಮಲಗಿದ್ದಾಗ ನೀವು ಬರಲಿಲ್ಲ, ನನಗೆ ತುಂಬ ನೋವಾಗಿದೆ" ಎಂದು ಮೊದಲು ಹೇಳಿ. ನೆಪ, ವಿವರಣೆ ಎಲ್ಲ ಕೇಳಿಸಿಕೊಳ್ಳಿ, ಆದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ. ನಂತರ ಮೂರು ತಿಂಗಳ ಬಿಡುವು ಕೇಳಿ. ಪಟ್ಟಿ ಬರೆಯಲು ಇಬ್ಬರು ಬೇಕು, ಮನೆಕೂಟ ಬೇರೆ ಬೇರೆ ಮನೆಗಳಲ್ಲಿ ಸರದಿಯಂತೆ ನಡೆಯಬೇಕು ಎಂದೂ ಕೇಳಿ. ಸೇವೆ ಮಾಡುವವರ ಹೆಸರುಗಳೂ ಆ ಪಟ್ಟಿಯಲ್ಲಿ ಇರಬೇಕು, ಅದನ್ನು ಅವರಲ್ಲದ ಬೇರೆಯವರು ಬರೆಯಬೇಕು.

ಪ್ರಾರ್ಥನೆ ಬರುತ್ತಿಲ್ಲ ಎಂದು ಹೆದರಬೇಡಿ. ಬೈಬಲಿನಲ್ಲಿ ದಣಿದ ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು ಸಾವು ಕೇಳಿದ. ಅವನಿಗೆ ಸಿಕ್ಕಿದ್ದು ಉಪದೇಶವಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ದೇವರು ಅವನನ್ನು ಪ್ರಶ್ನೆ ಕೇಳಿದ್ದು ಅದೆಲ್ಲ ಆದ ಮೇಲೆ. ಬಿಡುವಿನ ತಿಂಗಳುಗಳಲ್ಲಿ ಆರಾಧನೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂರಿ, ಬೇರೆಯವರು ನಿಮಗಾಗಿ ಪ್ರಾರ್ಥಿಸಲಿ. ನಿದ್ದೆ ಬಾರದೆ, ಅಳು ನಿಲ್ಲದೆ ಇದ್ದರೆ ವೈದ್ಯರನ್ನೂ ಕಾಣಿ. ಆಪರೇಷನ್ ನಂತರ ದೇಹವೂ ಮನಸ್ಸನ್ನು ಕುಗ್ಗಿಸುತ್ತದೆ.

ಮೂರು ತಿಂಗಳಾದ ಮೇಲೆ ಒಂದು ಮನೆಯ ಭೇಟಿಯಿಂದ ಶುರು ಮಾಡಿ. ಆ ಮನೆಗೆ ಹೋಗಲು ಮನಸ್ಸು ಒಪ್ಪಿದರೆ ಇನ್ನೊಂದು ಮನೆ. ಒಪ್ಪದಿದ್ದರೆ, ಅಥವಾ ಪಾಸ್ಟರ್ ಇದರಲ್ಲಿ ಯಾವುದಕ್ಕೂ ಸೊಪ್ಪು ಹಾಕದಿದ್ದರೆ, ಜವಾಬ್ದಾರಿಯನ್ನು ಬರವಣಿಗೆಯಲ್ಲಿ ಒಪ್ಪಿಸಿ ಹೊರಬನ್ನಿ. ಸಭೆಯ ಒಬ್ಬ ಸದಸ್ಯಳಾಗಿ ಮಾತ್ರ ಇರುವ ಹಕ್ಕು ನಿಮಗೆ ಮೊದಲಿನಿಂದಲೂ ಇದೆ.