ಡೀಸೆಲ್ ಟ್ಯಾಂಕಿನ ತುಕ್ಕು: ಮೊದಲು ನೀರಿನ ದಾರಿ ಹುಡುಕಿ

ಹಳೆಯ ಟ್ರ್ಯಾಕ್ಟರುಗಳ ತಗಡಿನ ಟ್ಯಾಂಕಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ 35 ಎಚ್‌ಪಿ ಹಳೇ ಟ್ರ್ಯಾಕ್ಟರ್ ಕಬ್ಬಿನ ಹಂಗಾಮಿಗೆ ಮಾತ್ರ ಹೊರಬೀಳುತ್ತದೆ. ಮಳೆಗಾಲವಿಡೀ ನಿಂತೇ ಇರುತ್ತದೆ. ಹೊರಗೆ ತೆಗೆದಾಗಲೆಲ್ಲ ಫಿಲ್ಟರಿನಲ್ಲಿ ಕೆಂಪು ಕೆಸರು. ಹೊಸ ಫಿಲ್ಟರ್ ಹಾಕಿದರೂ ವಾರದೊಳಗೆ ಮತ್ತೆ ಅದೇ. ಎಣ್ಣೆ ತುಂಬಿದ ಟ್ಯಾಂಕಿಗೆ ತುಕ್ಕು ಹಿಡಿಯುವುದು ಹೇಗೆ?
– ಓದುಗರು, ಅಥಣಿ ತಾಲ್ಲೂಕು

ತುಕ್ಕು ಹಿಡಿಸುವುದು ಡೀಸೆಲ್ ಅಲ್ಲ, ಅದರಡಿ ಕೂತ ನೀರು. ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 820ರಿಂದ 840 ಗ್ರಾಂ, ನೀರು 1,000 ಗ್ರಾಂ. ಒಂದು ಹನಿ ನೀರು ಬಿದ್ದರೂ ನೇರ ತಳಕ್ಕೆ. ಎಷ್ಟೋ ಟ್ಯಾಂಕುಗಳಲ್ಲಿ ಡೀಸೆಲ್ ಹೊರಹೋಗುವ ಕೊಳವೆಯ ಬಾಯಿ ತಳದಿಂದ ಬೆರಳಗಲ ಮೇಲಿರುತ್ತದೆ. ಅದಕ್ಕಿಂತ ಕೆಳಗಿನ ನೀರು ಎಂಜಿನ್ನಿಗೂ ಹೋಗದೆ, ಹೊರಗೂ ಬಾರದೆ ತಗಡನ್ನು ತಿನ್ನುತ್ತ ಕೂರುತ್ತದೆ. ಟ್ರೇಲರ್ ಎಳೆಯುವಾಗ ಕುಲುಕಾಡಿದರೆ ಆ ಕೆಸರೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲದಿರುವುದು ಅದಕ್ಕೇ.

ನೀರು ಬರುವ ದಾರಿ ಮೂರು: ಗಾಳಿಯ ತೇವ, ಟ್ಯಾಂಕಿನ ಮುಚ್ಚಳ, ಡೀಸೆಲ್ ತುಂಬಿಟ್ಟ ಬ್ಯಾರಲ್. ಎಲ್ಲರೂ ಗಾಳಿಯ ತೇವವನ್ನೇ ದೂರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. 45 ಲೀಟರಿನ ಖಾಲಿ ಟ್ಯಾಂಕಿನಲ್ಲಿ 30 ಡಿಗ್ರಿಯ ಪೂರ್ತಿ ತೇವದ ಗಾಳಿ ಇದ್ದು, ರಾತ್ರಿ 20 ಡಿಗ್ರಿಗೆ ತಣಿದರೂ ಒಳಗೆ ಇಳಿಯುವ ನೀರು ಅರ್ಧ ಗ್ರಾಮಿನಷ್ಟು, ಅಂದರೆ ಹತ್ತು ಹನಿ. ತಿಂಗಳುಗಟ್ಟಲೆ ನಿಂತರೆ ಅದೂ ಸಣ್ಣದಲ್ಲ, ಆದರೆ ತಳದಿಂದ ಒಂದು ಲೋಟ ನೀರು ಬಂದರೆ ಅದು ಗಾಳಿಯದ್ದಲ್ಲ. ಮುಚ್ಚಳದಿಂದಲೋ ಬ್ಯಾರಲಿನಿಂದಲೋ ಬಂದದ್ದು.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಟ್ರ್ಯಾಕ್ಟರನ್ನು ಬೆಳಿಗ್ಗೆ ಅಲುಗಾಡಿಸದೆ, ಟ್ಯಾಂಕಿನಡಿಯ ಡ್ರೈನ್ ಪ್ಲಗ್ ಸಡಿಲಿಸಿ ಮೊದಲ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಕಾಲು ಗಂಟೆ ಬಿಟ್ಟರೆ ನೀರು ಕೆಳಗೆ, ಡೀಸೆಲ್ ಮೇಲೆ, ನಡುವೆ ಗೆರೆ ಕಾಣುತ್ತದೆ. ಆಮೇಲೆ ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ. ತುಕ್ಕು ತಳದಲ್ಲಿ ಮಾತ್ರ ಇದ್ದರೆ ಮುಚ್ಚಳ, ಬ್ಯಾರಲ್ ಕಡೆ ಹುಡುಕಿ. ಮೇಲ್ಛಾವಣಿಯ ತಗಡೂ ಕೆಂಪಾಗಿದ್ದರೆ ಟ್ಯಾಂಕನ್ನು ಅರೆಖಾಲಿ ಬಿಟ್ಟು ನಿಲ್ಲಿಸುವ ಅಭ್ಯಾಸದ ಫಲ.

ಹಂಗಾಮು ಮುಗಿದ ಮೇಲೆ ತಳದ ನೀರು ಇಳಿಸಿ, ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಕತ್ತಿನ ತನಕ ಬೇಡ, ಎರಡು ಲೀಟರಿನಷ್ಟು ಜಾಗ ಬಿಡಿ. ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. 20 ಡಿಗ್ರಿ ಏರಿದರೆ 45 ಲೀಟರು ಮುಕ್ಕಾಲು ಲೀಟರಿನಷ್ಟು ಉಬ್ಬುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಸಡಿಲಿಸಿ ನೋಡಿದರೆ ಸಾಕು.

ಪ್ರಶ್ನೆ: ಮಳೆ ನೀರು ಹೋಗಬಾರದೆಂದು ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಹಾಕಿ ಬಿಗಿಯುತ್ತೇವೆ. ಈಗ ಅರ್ಧ ಗಂಟೆ ಉಳುಮೆಯಾದ ಮೇಲೆ ಎಂಜಿನ್ ಸೊರಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತದೆ.
– ಓದುಗರು, ಶಿಕಾರಿಪುರ

ಹಾಳೆ ತೆಗೆದುಬಿಡಿ. ಮುಚ್ಚಳದಲ್ಲಿ ಸೂಜಿ ಗಾತ್ರದ ಗಾಳಿ ರಂಧ್ರವಿದೆ. ಅದು ಮುಚ್ಚಿದರೆ ಡೀಸೆಲ್ ಇಳಿದಂತೆಲ್ಲ ಒಳಗೆ ನಿರ್ವಾತ ಹುಟ್ಟಿ ಹರಿವು ನಿಲ್ಲುತ್ತದೆ. ಎಂಜಿನ್ ನಿಂತ ಕೂಡಲೇ ಮುಚ್ಚಳ ತಿರುಗಿಸಿ, ಸುಯ್ಯೆಂದು ಗಾಳಿ ಎಳೆದುಕೊಂಡರೆ ಕಾರಣ ಇದೇ. ರಂಧ್ರವನ್ನು ತೆಳುವಾದ ತಂತಿಯಿಂದ ಬಿಡಿಸಿ, ಒಣಗಿ ಬಿರಿದ ವಾಷರ್ ಬದಲಿಸಿ. ವಾಷರ್ ಡೀಸೆಲ್ ತಾಳುವ ನೈಟ್ರೈಲ್ ರಬ್ಬರಿನದ್ದಾಗಿರಲಿ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಕೆಲವೇ ದಿನಗಳಲ್ಲಿ ಉಬ್ಬಿ ಅಂಟಂಟಾಗುತ್ತದೆ. ಮಳೆಗೆ ಹೊರಗೇ ನಿಲ್ಲಿಸಬೇಕಿದ್ದರೆ ಮುಚ್ಚಳದ ಮೇಲೊಂದು ಡಬ್ಬಿ ಬೋರಲು ಹಾಕಿ. ಪ್ರೆಷರ್ ಪಂಪಿನಲ್ಲಿ ತೊಳೆಯುವವರು ಮುಚ್ಚಳದ ಕಡೆ ನೀರು ಹಾಯಿಸಬೇಡಿ.

ಪ್ರಶ್ನೆ: ಟ್ಯಾಂಕ್ ಬಿಚ್ಚಿಸಿದ್ದೇವೆ. ಒಳಗೆಲ್ಲ ತುಕ್ಕು. ಟಾಯ್ಲೆಟ್ ಆ್ಯಸಿಡ್ ಹಾಕಿದರೆ ಕ್ಷಣದಲ್ಲಿ ಹೋಗುತ್ತದೆ, ಆಮೇಲೆ ಒಳಗಿನಿಂದ ಪೇಂಟ್ ಬಳಿಯಿರಿ ಎನ್ನುತ್ತಾರೆ. ಸರಿಯೇ?
– ಓದುಗರು, ಚಿಂತಾಮಣಿ

ಎರಡೂ ಬೇಡ. ಟಾಯ್ಲೆಟ್ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆ್ಯಸಿಡ್. ಅದು ತುಕ್ಕಿನ ಜೊತೆ ಒಳ್ಳೆಯ ತಗಡನ್ನೂ ತಿನ್ನುತ್ತದೆ. ಹೊಲಿಗೆಯ ಸಂದಿಯಲ್ಲಿ ಉಳಿದ ಕ್ಲೋರೈಡ್‌ನಿಂದ ತುಕ್ಕು ಮೊದಲಿಗಿಂತ ಬೇಗ ಬರುತ್ತದೆ. ಸಾಧಾರಣ ಪೇಂಟ್ ಡೀಸೆಲಿಗೆ ಮೆತ್ತಗಾಗಿ ಚಕ್ಕೆಯೆದ್ದು ನಲ್ಲಿಯ ಬಾಯಿಗೆ ಅಂಟುತ್ತದೆ. ಟ್ಯಾಂಕಿಗೆಂದೇ ಬರುವ ಎಪಾಕ್ಸಿ ಲೇಪ ಚೆನ್ನಾಗಿಯೇ ಇದೆ, ಆದರೆ ಒಳಗೆ ಒಂಚೂರು ಎಣ್ಣೆಯೋ ತೇವವೋ ಉಳಿದರೆ ಅದೂ ಎದ್ದು ಬರುತ್ತದೆ. ತೂತು ಬೀಳದ ಟ್ಯಾಂಕಿಗೆ ಲೇಪ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಸಿಟ್ರಿಕ್ ಆ್ಯಸಿಡ್ ಬಳಸಿ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದರೆ ಕೊಡುತ್ತಾರೆ. ಮೊದಲು ಡೀಸೆಲ್ ಗೇಜಿನ ಫ್ಲೋಟ್, ನಲ್ಲಿ, ಜಾಲರಿ ಬಿಚ್ಚಿ, ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಬಿಸಿನೀರಿಗೆ ಬಟ್ಟೆ ಸೋಪಿನ ಪುಡಿ ಬೆರೆಸಿ ಎರಡು ಮೂರು ಸಲ ತೊಳೆಯಿರಿ. ಎಣ್ಣೆಯ ಪದರ ಉಳಿದಿದ್ದರೆ ಅದರಡಿಯ ತುಕ್ಕಿಗೆ ಆ್ಯಸಿಡ್ ತಾಗುವುದೇ ಇಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬಳಿಕ ಒಂದೂವರೆ ಮೀಟರ್ ಕಬ್ಬಿಣದ ಸರಪಳಿ ಇಳಿಬಿಟ್ಟು ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ನಟ್ಟು ಬೋಲ್ಟು ಹಾಕಿ ಕುಲುಕುವವರಿದ್ದಾರೆ, ಆದರೆ ಒಳಗಿನ ಅಡ್ಡತಗಡಿನ ಹಿಂದೆ ಎರಡು ನಟ್ಟು ಸಿಕ್ಕಿಕೊಂಡರೆ ತೆಗೆಯುವುದು ರಗಳೆ. ಸರಪಳಿಯ ತುದಿಗೆ ತಂತಿ ಕಟ್ಟಿಕೊಳ್ಳಿ.

ಆಮೇಲೆ 45 ಲೀಟರ್ ಬಿಸಿನೀರಿಗೆ ಎರಡೂವರೆ ಕಿಲೋ ನಿಂಬೆ ಉಪ್ಪು ಕರಗಿಸಿ ಕಂಠಮಟ್ಟ ತುಂಬಿ. ಮುಚ್ಚಳ ಬಿಗಿಯಬೇಡಿ, ಜಲಜನಕ ಗಾಳಿ ಏಳುತ್ತದೆ. ಹತ್ತಿರ ಬೀಡಿ, ಬೆಂಕಿ ಸಲ್ಲದು. ಎಂಟು ಗಂಟೆ ಬಿಟ್ಟು ನೋಡಿ. ತಗಡು ಬೂದು ಬಣ್ಣಕ್ಕೆ ತಿರುಗಿದ್ದರೆ ಮುಗಿಯಿತು, 24 ಗಂಟೆ ದಾಟಿಸಬೇಡಿ. ಹೊರಸುರಿದ ದ್ರಾವಣಕ್ಕೆ ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಹಾಕಿ, ಬಾವಿ, ಬೆಳೆ, ದನದ ತೊಟ್ಟಿಯಿಂದ ದೂರ ಚೆಲ್ಲಿ. ಟ್ಯಾಂಕಿನೊಳಗೂ 10 ಲೀಟರ್ ನೀರಿಗೆ 200 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಲುಕಿ, ಶುದ್ಧ ನೀರಿನಲ್ಲಿ ಜಾಲಾಡಿಸಿ.

ಇಲ್ಲಿಂದ ಮುಂದೆ ಆತುರ ಬೇಕು. ಬೆತ್ತಲೆ ತಗಡು ಒದ್ದೆಯಿದ್ದರೆ ಅರ್ಧ ಗಂಟೆಯೊಳಗೆ ಮತ್ತೆ ಹಳದಿಯಾಗುತ್ತದೆ. ಬಿಸಿಲಿನಲ್ಲಿಟ್ಟು ಬ್ಲೋವರ್ ಹಿಡಿದು ಒಣಗಿಸಿ. ಒಣಗಿದೊಡನೆ ಎರಡು ಲೀಟರ್ ಡೀಸೆಲಿಗೆ 200 ಮಿ.ಲೀ. ಎಂಜಿನ್ ಆಯಿಲ್ ಬೆರೆಸಿ ಎಲ್ಲ ಮೂಲೆಗೂ ತಾಗುವಂತೆ ಹೊರಳಿಸಿ. ಟ್ಯಾಂಕ್ ಕೂರಿಸಿದ ಮೇಲೆ ಎರಡೂ ಫಿಲ್ಟರ್ ಹೊಸದು ಹಾಕಿ ಏರ್ (ಒಳಗೆ ಸೇರಿದ ಗಾಳಿ) ತೆಗೆಯಿರಿ: ಮೊದಲು ಫಿಲ್ಟರಿನ ಸ್ಕ್ರೂ ಸಡಿಲಿಸಿ, ನಂತರ ಎಂಜಿನ್ನಿಗೆ ಡೀಸೆಲ್ ಕೊಡುವ ಪಂಪಿನದ್ದು, ಗುಳ್ಳೆಯಿಲ್ಲದ ಡೀಸೆಲ್ ಬರುವತನಕ. 50 ಗಂಟೆ ಓಡಿದ ಮೇಲೆ ಮೊದಲ ಫಿಲ್ಟರ್ ಮತ್ತೊಮ್ಮೆ ಬಿಚ್ಚಿ ನೋಡಿ, ಉಳಿದ ಪುಡಿ ಅಲ್ಲಿರುತ್ತದೆ.

ಟ್ಯಾಂಕನ್ನು ಕಟ್ಟಿಹಿಡಿಯುವ ಪಟ್ಟಿಯಡಿ ಗೋಣಿ ತುಂಡು ಇಟ್ಟಿದ್ದರೆ ಕಿತ್ತು ಹಾಕಿ. ಅದು ನೀರು ಹೀರಿ ಹಿಡಿದಿಟ್ಟುಕೊಂಡು ಹೊರಗಿನಿಂದ ತೂತು ಮಾಡುತ್ತದೆ. ತೂತು ಬಿದ್ದಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿದು ಜೀವಗಳು ಹೋಗಿವೆ. ಟ್ಯಾಂಕ್ ಕೆಲಸ ಬಲ್ಲ ರೇಡಿಯೇಟರ್ ಅಂಗಡಿಗೆ ಕೊಡಿ.

ಪ್ರಶ್ನೆ: ಡೀಸೆಲ್ ಶೇಖರಿಸಲು ಜಿಂಕ್ ಲೇಪದ ಡ್ರಮ್ಮು ಒಳ್ಳೆಯದಲ್ಲವೇ? ಅದಕ್ಕೆ ತುಕ್ಕೇ ಹಿಡಿಯುವುದಿಲ್ಲವಲ್ಲ.
– ಓದುಗರು, ಹಾವೇರಿ

ಡ್ರಮ್ಮಿಗೆ ಒಳ್ಳೆಯದು, ಪಂಪಿಗಲ್ಲ. ಹಳೆಯದಾದ ಡೀಸೆಲಿನಲ್ಲಿ ಹುಟ್ಟುವ ಆಮ್ಲಗಳು ಸತುವಿನೊಂದಿಗೆ ಸೇರಿ ಸಾಬೂನಿನಂಥ ಅಂಟು ಮಾಡುತ್ತವೆ, ಅದು ಫಿಲ್ಟರ್, ನಾಜಲ್‌ಗಳನ್ನು ಕಟ್ಟುತ್ತದೆ. ಸಾದಾ ಉಕ್ಕಿನದ್ದು ಅಥವಾ ಡೀಸೆಲಿಗೆಂದೇ ಮಾಡಿದ ಪ್ಲಾಸ್ಟಿಕ್ಕಿನದ್ದು ಇರಲಿ. ಬ್ಯಾರಲನ್ನು ನೆಟ್ಟಗೆ ನಿಲ್ಲಿಸಿದರೆ ಮೇಲ್ಭಾಗದ ತಟ್ಟೆಯಲ್ಲಿ ಮಳೆನೀರು ನಿಂತು ಬಿರಡೆಯ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ ಮೂರು–ಒಂಬತ್ತರ ಜಾಗಕ್ಕೆ ಬರುವಂತಿಡಿ. ತುಂಬಿದ ಬ್ಯಾರಲಿನಿಂದ ಒಂದು ದಿನ ತಂಗಲು ಬಿಟ್ಟೇ ತೆಗೆಯಿರಿ, ಪೈಪಿನ ತುದಿ ತಳದಿಂದ ನಾಲ್ಕು ಬೆರಳು ಮೇಲಿರಲಿ.

ಪ್ರಶ್ನೆ: ಕೆಂಪಲ್ಲ, ಕಪ್ಪು ಲೋಳೆ ಬರುತ್ತಿದೆ. ಇದೂ ತುಕ್ಕೇ?
– ಓದುಗರು, ಸಾಗರ

ಅಲ್ಲ. ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಬೂಷ್ಟು. ಅವು ಬಿಡುವ ಆಮ್ಲ ತಗಡಿನಲ್ಲಿ ಚುಚ್ಚಿದಂಥ ಗುಳಿಗಳನ್ನು ಮಾಡುತ್ತದೆ. ನೀರು ಇಳಿಸದೆ ಔಷಧ ಹಾಕಿದರೆ ಸತ್ತ ಲೋಳೆ ಒಟ್ಟಿಗೆ ಬಂದು ಫಿಲ್ಟರ್ ಕಟ್ಟುತ್ತದೆ. ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಿರಿ, ಆಮೇಲೆ ಡೀಸೆಲ್ ಬಯೋಸೈಡ್ (ಇವನ್ನು ಕೊಲ್ಲುವ ಔಷಧ) ಅನ್ನು ಡಬ್ಬಿಯ ಮೇಲಿನ ಅಳತೆಯಂತೆ ಹಾಕಿ. ಕೈಗವಸು ತೊಡಿ, ಅದು ವಿಷ.